ಎರಡು ಚೀಲ ಹಸಿ ಉಸುಕು

ಹಸಿ ಉಸುಕು ಒಣಗತೈತಿ. ಈ ಮಾತು ಗದಗ ಜಿಲ್ಲಾದಾಗ ಕುರಿ ಕಾಯೂ ಮುದುಕಗೂ ಗೊತ್ತು, ಅವನ ಕುರಿಗೂ ಗೊತ್ತು. ಗೊತ್ತಿರಲಾರದಾವ ನಾ ಒಬ್ಬನ. ಅದೂ ಎಂಥಾ ಮನ್ಯಾಗ ಹುಟ್ಟಿ ಅಂತೀರಿ, ದಲಾಲಿ ಮನ್ಯಾಗ. ನಮ್ಮಪ್ಪ ನಾ ಹುಟ್ಟೂಕಿಂತ ಮೊದಲಿಂದ ಗದಗಿನ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ, ಕಡ್ಲಿ, ಶೇಂಗಾ ತೂಗಿಸಿದಾವ. ತೂಕಾ ಬರ್ಲಿ ಅಂತ ಯಾರರೆ ಮೆಣಸಿನಕಾಯಿಗೆ ನೀರು ಚಿಮುಕಿಸಿ ತಂದ್ರ, ಅಪ್ಪ ಚೀಲದಾಗ ಕೈ ಹಾಕಿ, ಅವರ ಮಾರಿ ಸೈತ ನೋಡದ, "ಒಣಗಿಸ್ಕೊಂಡು ಬರ್ರಿ ಗೌಡ್ರ, ನೀರಿನ ರೇಟು ನಮ್ಮಲ್ಲಿ ಇಲ್ಲ" ಅಂತಿದ್ದ. ಇದನ್ನ ಕೇಳ್ಕೋತನ ನನಗ ಮೀಸಿ ಬಂದಾವ. ಅಂಥಾವನ ಮಗಾ ಆಗಿ, ನೀರನ್ನ ತೂಕಕ್ಕ ಹಾಕಿ, ನನ್ನ ಜಲ್ಮಕ್ಕ ಸಿಕ್ಕಿದ್ದ ಒಂದ ಒಂದು ಛಾನ್ಸು ಕಳಕೊಂಡು ಕುಂತೇನಿ.

ಇದನ್ನ ಮರತಿದ್ದೆ ಅಂತ ನನ್ನಷ್ಟಕ್ಕ ನಾ ಅನ್ಕೊಂಡಿದ್ದೆ. ಮೊನ್ನೆ ಅಂಗಡಿ ಪಿಕಪ್ ಗಾಡಿ ತಗೊಂಡು ಮುಂಡರಗಿಯಿಂದ ಬರಾಕ ಹತ್ತಿದ್ದೆ. ಮುಂದ ಉಸುಕಿನ ಟ್ರ್ಯಾಕ್ಟರ್ ಒಂದು ಹೊಂಟಿತ್ತು. ಹಿಂದಿನ ಹಲಿಗಿ ಸಂದ್ಯಾಗಿಂದ ನೀರು ಸೋರಿ ರಸ್ತಾದ ತುಂಬ ಗೆರಿ ಎಳಕೋತ ಹೋಗತಿತ್ತು. ಒಂದು ಕಾಲಕ್ಕ ಕಾರ್ ರೇಸ್ ಗೆದ್ದಾವ ನಾನು, ಡಂಬಳ ದಾಟಿದ್ರೂ ಆ ಟ್ರ್ಯಾಕ್ಟರ್ ಹಿಂದ ಹಾಕಾಕ ಆಗ್ಲಿಲ್ಲ. ಕಿಡಕ್ಯಾಗಿಂದ ಹೊಳಿ ವಾಸನಿ ಬಂತು. ಹಸಿ ಉಸುಕು, ಪಾಚಿ, ಮೀನದ್ದು ಕೂಡಿದ ವಾಸನಿ. ಆ ವಾಸನಿ ಮೂಗಿಗೆ ಬಡದಿದ್ದ ತಡ, ಆ ವರ್ಷದ ಹಿಂಗಾರಿ ಅಷ್ಟೂ ಕಣ್ಣ ಮುಂದ ಬಂತು. ಗಾಡಿ ಬಾಜೂಕ ಹಚ್ಚಿ ಸ್ಟೇರಿಂಗಿಗೆ ಎರಡು ಏಟು ಹೊಡದೆ. ಹಾರ್ನ್ ಆತು. ಮುಂದಿನ ಟ್ರ್ಯಾಕ್ಟರ್‌ನಾವ ತನಗ ಹೊಡದೆ ಅಂತ ತಿಳದು ಕೈ ಬೀಸಿ ಬೈದ.

ಈ ಹುಚ್ಚಿನ ಮೂಲ ಇಂಗ್ಲೆಂಡಿನ ಒಬ್ಬ ಡ್ರೈವರ್. ಅವನ ಹೆಸರು ನನ್ನ ನಾಲಿಗಿ ಮ್ಯಾಲೆ ಸರಿ ಹೊರಳಂಗಿಲ್ಲ, ಅದಕ್ಕ ನಾನು, ನನ್ನ ಗೆಳ್ಯಾ ಶಿವ್ಯಾ ಅವಂಗ ಕಾಕಾ ಅಂತಿದ್ವಿ. ಕಾಕಾ ಟೂರಿಂಗ್ ಕಾರ್ ರೇಸಿನ್ಯಾಗ ಓಡಸಾವ. ಅಂದ್ರ ಬಾಣದಂಥಾ ಉದ್ದನ್ನ ಗಾಡಿ ಅಲ್ಲ ಮತ್ತ. ಡಾಕ್ಟರು ಮಾಸ್ತರು ಓಡಸೂವಂಥ ಮನಿ ಕಾರು. ಒಳಗಿನ ಸೀಟು ಕಿತ್ತಿ, ಕಬ್ಬಿಣದ ಪಂಜರಾ ಕುಂಡ್ರಿಸಿ, ಒಂದಕ್ಕೊಂದು ಮೈ ತಿಕ್ಕೋತ ಓಡಸ್ತಾರ. ಬಾಗಲಾ ನಗ್ಗತಾವ, ಕನ್ನಡಿ ಹಾರತಾವ, ಯಾರೂ ಇಳದು ಜಗಳಾ ತಗಿಯಂಗಿಲ್ಲ. ಬೆಟಗೇರಿ ಬಸ್ ಸ್ಟ್ಯಾಂಡ್ ಮುಂದ ಹಂಗಾಗಿದ್ರ ಎರಡೂ ಓಣಿ ಮಂದಿ ಬಂದು ಪಂಚಾಯ್ತಿ ಕುಂಡ್ರತಿದ್ರು.

ಈ ಕಾಕಾನ ಬಾಳೇವು ಅಷ್ಟೂ ನಾ ಅಂಗಡಿ ಗಾದಿ ಮ್ಯಾಲೆ ಕುಂತ ಫೋನಿನ್ಯಾಗ ನೋಡೀನಿ. ಅವರಪ್ಪಂದು ಟಾಯರ್ ಅಂಗಡಿ. ಹುಡುಗಾ ಇದ್ದಾಗ ಟಾಯರ್ ಉರುಳಿಸ್ಕೋತ ಬೆಳದು, ಸಣ್ಣ ಕಾರಿನ ಆಟದಾಗ ಗೆದ್ದು ದೊಡ್ಡ ಆಟಕ್ಕ ಬಂದ. ಬಂದ ವರ್ಷನ ಎಲ್ಲಾರೂ ಇಂವ ಚಾಂಪಿಯನ್ ಆಗ್ತಾನ ಅಂದ್ರು. ಆಗ್ಲಿಲ್ಲ. ಮುಂದಿನ ವರ್ಷ ಅಂದ್ರು. ಆಗೂ ಆಗ್ಲಿಲ್ಲ. ಒಮ್ಮೆ ಗೇರ್ ಡಬ್ಬಿ ಒಡೀತು, ಒಮ್ಮೆ ಮಳಿ ಬಂತು, ಒಮ್ಮೆ ಇವನ ಜೋಡಿ ಡ್ರೈವರನ ಇವಂಗ ಢಿಕ್ಕಿ ಹೊಡದ. ರೊಕ್ಕಾ ಹಾಕಾವ್ರು ಕೈ ಬಿಟ್ರು. ಒಂದು ವರ್ಷ ಮಂದಿ ಗಾಡಿ ರಿಪೇರಿ ಮಾಡ್ಕೋತ ಕುಂತ, ಮತ್ತ ಒಂದು ಸಣ್ಣ ತಂಡ ಹಿಡದು ಹೊಳ್ಳಿ ಬಂದ. ತಲಿ ಬೆಳ್ಳಗಾದ್ರೂ ಓಡಸೂದು ಬಿಡ್ಲಿಲ್ಲ. ಆಟಾ ಮುಗದ ಮ್ಯಾಲೆ ಕ್ಯಾಮರಾ ಮುಂದ ಯಾವಾಗಲೂ ಒಂದ ಮಾತು: ಗಾಡಿ ಚೊಲೋ ಇತ್ತು, ತೂಕಾ ಜರಾ ಜಾಸ್ತಿ ಆತು. ಬಿ.ಕಾಂ.ದಾಗ ನಾ ಫೇಲ್ ಆದಾಗ ಅಪ್ಪಗ ಇದನ್ನ ಹೇಳಿದ್ದೆ. ಅಂವ ಹೊಡ್ಯಾಕ ತಕ್ಕಡಿ ತೂಕದ ಕಲ್ಲು ಎತ್ತಿದ್ದ.

ಆ ತೂಕದ ಮಾತು ಸುಳ್ಳಲ್ಲ. ಅವರ ಆಟದಾಗ ಭಾಳ ವರ್ಷ ಒಂದು ಕಾಯ್ದೆ ಇತ್ತು. ಗೆದ್ದಾವ ಮುಂದಿನ ಆಟದಾಗ ಗಾಡ್ಯಾಗ ತೂಕಾ ಹೊರಬೇಕು. ಗೆದ್ದಷ್ಟೂ ಭಾರಾ. ಯಾಕಂದ್ರ ಒಬ್ಬನ ಓಡಿ ಹೋದ್ರ ನೋಡಾವ್ರಿಗೆ ಮಜಾ ಇಲ್ಲ. ಈ ಕಾಯ್ದೇನ ಗದಗ ಸೀಮಿಗೆ ತಂದಾವ್ರು ದೇಸಾಯಿ ಸರ್.

ದೇಸಾಯಿ ಸರ್ ಲಕ್ಷ್ಮೇಶ್ವರದಾವ್ರು. ವಯಸ್ಸಿನ್ಯಾಗ ಇದ್ದಾಗ ಇಂಗ್ಲೆಂಡಿಗೆ ಹೋಗಿ, ರೇಸ್ ಗಾಡಿ ಗ್ಯಾರೇಜಿನ್ಯಾಗ ಕೆಲಸಾ ಮಾಡಿ, ರಿಟೈರ್ ಆಗಿ ಊರಿಗೆ ಬಂದಾವ್ರು. ಅಷ್ಟು ವರ್ಷ ಅಲ್ಲಿದ್ರೂ ಮಾತು ಮಾತ್ರ ಲಕ್ಷ್ಮೇಶ್ವರದ್ದ. ಆ ವರ್ಷ ಗಣಪ್ಪನ ಹಬ್ಬದ ಮುಂದ ಅವರು ಒಂದು ಸುದ್ದಿ ಹಬ್ಬಿಸಿದ್ರು. ಹಿಂಗಾರಿ ಮುಗಿಯೂದ್ರಾಗ ಮೂರು ಕಡೆ ಕಾರ್ ರೇಸು. ಮೊದಲ ಮಲ್ಲಸಮುದ್ರ, ಆಮ್ಯಾಲೆ ಶಿರಹಟ್ಟಿ, ಕಡೀಕ ಹಮ್ಮಿಗಿ ಹೊಳಿ ದಂಡಿ. ಮೂರೂ ಕೂಡಿಸಿ ಯಾರು ಮುಂದೋ ಅವ್ರನ್ನ ಕೊಯಮತ್ತೂರಿನ ಡಾಂಬರ್ ಟ್ರ್ಯಾಕಿಗೆ ಕಳಸೂದು. ಅಲ್ಲಿ ಸರ್ ಅವರ ಹಳೇ ಗೆಳ್ಯಾಂದು ಒಂದು ತಂಡ ಐತಿ. ಕುಂಡ್ರಿಸಿ ನೋಡ್ತಾರ, ಕೈ ಚೊಲೋ ಇದ್ರ ಇಟ್ಕೋತಾರ.

ನನಗ ನಿದ್ದಿ ಹಾರಿತು. ಅಪ್ಪನ ಮುಂದ ನಿಂತೆ.

"ಎಷ್ಟು ದಿನದ ಹುಚ್ಚು ಇದು?" ಅಂದ ಅಪ್ಪ.

"ಹಿಂಗಾರಿ ಮುಗಿಯೂ ತನಕಾ."

"ಆತು. ಆಡು. ಆ ಕೊಯಮತ್ತೂರಿಗೆ ಕರದ್ರ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಕರೀಲಿಲ್ಲಂದ್ರ ಈ ಗಾದಿ ಮ್ಯಾಲೆ ಕುಂಡ್ರೂದು, ಮತ್ತ ಆ ಫೋನು ತಗದು ನೋಡಬಾರದು."

ಇಷ್ಟ ನೋಡ್ರಿ ನನ್ನ ಪಣ. ಗೆದ್ರ ಟ್ರ್ಯಾಕು, ಸೋತ್ರ ಗಾದಿ. ಆ ಗಾದಿ ಒಳಗಿನ ಹತ್ತಿ ನಮ್ಮಜ್ಜನ ಕಾಲದ್ದು. ಅದರ ಮ್ಯಾಲೆ ಕುಂತಾವ್ರು ಮತ್ತ ಎದ್ದ ದಾಖಲೆ ನಮ್ಮ ಮನಿತನದಾಗ ಇಲ್ಲ.

ಗಾಡಿ ಸಿಗೂದು ಕಷ್ಟ ಆಗ್ಲಿಲ್ಲ. ಬೆಟಗೇರ್ಯಾಗ ಶಿವ್ಯಾನ ಗ್ಯಾರೇಜಿನ ಹಿಂದ ಒಂದು ಬಿಳೇ ಸಣ್ಣ ಕಾರು ಬೇವಿನ ಗಿಡದ ಕೆಳಗ ನಿಂತಿತ್ತು. ಒಳಗ ಕೋಳಿ ಮರಿ ಮಾಡಿತ್ತು. ಕೋಳಿಗೆ ಬ್ಯಾರೆ ಮನಿ ಮಾಡಿಕೊಟ್ಟು, ಇಂಜಿನ್ ಬಿಚ್ಚಿ ಕಟ್ಟಿ, ಪಂಜರಾ ವೆಲ್ಡಿಂಗ್ ಮಾಡಿ ನಿಲ್ಲಿಸಿದ್ವಿ. ತಳಾ ಮಾತ್ರ ಜಂಗ ಹಿಡದು ಜರಡಿ ಆಗಿತ್ತು.

"ಲೇ ಶಿವ್ಯಾ, ತಳದಾಗ ರಸ್ತಾ ಕಾಣಾಕ ಹತ್ತೈತಲ್ಲೋ."

"ಚೊಲೋ ಆತಲ್ಲ. ಎಲ್ಲಿ ಹೊಂಟೀದಿ ಅಂತ ಗೊತ್ತಾಗತೈತಿ."

ಮಲ್ಲಸಮುದ್ರದ ಕಡೆ ಮಸಾರಿ, ಅಂದ್ರ ಕೆಂಪು ಮಣ್ಣಿನ ಬೀಳು ಹೊಲದಾಗ ಮೊದಲನೇ ಆಟ. ಕರೀ ಮಣ್ಣಿನ ಎರಿ ಹೊಲದಾಗ ಈ ಆಟಾ ನಡಿಯಂಗಿಲ್ಲ, ಒಂದು ಮಳಿ ಬಿದ್ರ ಗಾಲಿ ಗಾಲಿಗೆ ಒಂದೊಂದು ಹೊಲಾ ಹತ್ಕೋತೈತಿ. ಸುಣ್ಣದ ಗೆರಿ ಹೊಡದು ಉದ್ದನ್ನ ಸುತ್ತು ಮಾಡಿದ್ರು. ಸುತ್ತಲೂ ಮಂದಿ, ಒಂದ ಕಡೆ ನಿಲ್ಲಾಕ ತಯಾರಿಲ್ಲ, ಎಲ್ಲಿ ಗಾಡಿ ಬರತೈತೋ ಅಲ್ಲೇ ಬಂದು ನಿಲ್ಲಾವ್ರು. ಝಂಡಾ ಬೀಸಿದ್ರು. ಎಲ್ಲಾರೂ ಹೋದ್ರು. ನಾ ಹೋಗ್ಲಿಲ್ಲ. ಕ್ಲಚ್ ಅಂತ ತಿಳದು ಬ್ರೇಕ್ ಒತ್ತಿ ಹಿಡದಿದ್ದೆ. ಗಾಡಿ ಕೆಮ್ಮಿ ಆರಿತು. ಶಿವ್ಯಾ ತಲಿ ಮ್ಯಾಲೆ ಕೈ ಇಟ್ಕೊಂಡು ಕುಂತದ್ದು ಕನ್ನಡ್ಯಾಗ ಕಂಡ್ತು.

ನಾ ಮತ್ತ ಚಾಲೂ ಮಾಡೂದ್ರಾಗ ಮುಂದಿನ ತಿರುವಿನ್ಯಾಗ ಧೂಳ ಎದ್ದಿತ್ತು. ಧೂಳಾಗ ಒಬ್ಬಂಗೊಬ್ಬ ಕಾಣದ, ಎಲ್ಲಾ ಗಾಡಿ ಒಂದಕ್ಕೊಂದು ಸಿಕ್ಕೊಂಡು ಸಂತ್ಯಾಗಿನ ಕೊಡದಂಗ ನಿಂತಿದ್ವು. ನಾ ಹಿಂದಿದ್ದೆ, ಧೂಳ ಇಳದಿತ್ತು, ಬಾಜೂಕ ಹಾದು ಹೋದೆ. ಗೆದ್ದೆ. ಮಂದಿ "ಏನ್ ತಲಿಲೇ, ಬೇಕಂತನ ಹಿಂದ ನಿಂತ" ಅಂದ್ರು. ನಾನೂ ಹೂಂ ಅಂದೆ. ಆ ದಿನದಿಂದ ನನ್ನ ನಡಿಗಿ ಬದಲಾತು. ಚಹಾದ ಅಂಗಡ್ಯಾಗ ಸೈತ ಒಂದು ಕೈ ಸ್ಟೇರಿಂಗ್ ಹಿಡದಂಗ ಇಟ್ಕೊಂಡ ಕುಂಡ್ರತಿದ್ದೆ.

ಗೆದ್ದಾವಗ ಭಾರಾ ಅಂತ ಕಾಯ್ದೆ ಇತ್ತಲ್ಲ. ದೇಸಾಯಿ ಸರ್ ಅದನ್ನ ಇನ್ನೂ ಬಿಗಿ ಮಾಡಿದ್ರು. ಒಮ್ಮೆ ಗೆದ್ರ ಹಂಗಾಮು ಮುಗಿಯೂ ತನಕಾ ಎರಡು ಚೀಲದ ತೂಕಾ ಹೊರೂದು. ಆಟದ ಮೊದಲ ಒಮ್ಮೆ, ಮುಗದ ಮ್ಯಾಲೆ ಒಮ್ಮೆ ವೇ ಬ್ರಿಜ್ ಮ್ಯಾಲೆ ಗಾಡಿ ತೂಗಿಸಬೇಕು. ಸುಟ್ಟ ಪೆಟ್ರೋಲ್ ಬಿಟ್ಟು ಉಳದದ್ದು ಸರಿ ಕೂಡಬೇಕು. ನಾ ಅಂಗಡ್ಯಾಗಿನ ಕಡ್ಲಿ ಚೀಲಾ ಎರಡು ತಂದು ಹಿಂದಿನ ಡಿಕ್ಕ್ಯಾಗ ಒಗದೆ. ಮನ್ಯಾಗ ಮಾಲು ಇರೂವಾಗ ಹೊರಗಿಂದ್ಯಾಕ.

ಶಿರಹಟ್ಟ್ಯಾಗ ಎರಡನೇ ಆಟ. ಅಲ್ಲಿ ರೇಣುಕಾನ ಕೂಡ ಗಂಟು ಬಿತ್ತು. ರೇಣುಕಾ ಶಿರಹಟ್ಟಿ ಒಕ್ಕಲತನದ ಮನಿ ಹುಡುಗಿ. ಮನಿ ಟ್ರ್ಯಾಕ್ಟರ್ ಅಕೀನ ಓಡಸೂದು, ಮಾಲು ಪ್ಯಾಟಿಗೆ ತರೂದೂ ಅಕೀನ. ಮಲ್ಲಸಮುದ್ರದಾಗ ಆ ಧೂಳಿನ ಗುಂಪಿನ್ಯಾಗ ಸಿಕ್ಕೊಂಡು, ಬಿಡಿಸ್ಕೊಂಡು ಬಂದು ಎರಡನೇದಾಕಿ ಆಗಿದ್ಲು. ನನ್ನ ಗಾಡಿ ಸುತ್ತ ಒಂದು ಸುತ್ತು ಹಾಕಿ, "ಏನಪಾ ಮಂಜ್ಯಾ, ಇವತ್ತು ಕ್ಲಚ್ ಯಾವುದು ಅಂತ ಕೇಳ್ಕೊಂಡ ಬಂದಿಯೇನು?" ಅಂದ್ಲು. ಇಡೀ ಜಿಲ್ಲಾದಾಗ ಅಕಿಗೊಬ್ಬಾಕಿಗೆ ಖರೆ ಗೊತ್ತಾಗಿತ್ತು.

ಅವತ್ತ ಆಟದ ನಡುವ ಒಂದು ಕಡ್ಲಿ ಚೀಲಾ ಹರೀತು. ಹಿಂದಿನ ಸೀಟು ಕಿತ್ತಿದ್ವಲ್ಲ, ಕಡ್ಲಿ ತಿರುವಿಗೊಮ್ಮೆ ಮುಂದ ಉರುಳಿ ಬಂದು ಕಾಲಾಗ ಸೇರಿದ್ವು. ಬ್ರೇಕ್ ಒತ್ತಿದ್ರ ಕಡ್ಲಿ ಮ್ಯಾಲೆ ಬೂಟು ಜಾರತಿತ್ತು. ಉಳದದ್ದು ತಳದ ತೂತಿನ್ಯಾಗಿಂದ ಕೆಳಗ ಸುರೀತು. ಮೂರನೇ ಸುತ್ತಿನ್ಯಾಗ ನೋಡ್ತೀನಿ, ಊರ ಆಡು ಅಷ್ಟೂ ಟ್ರ್ಯಾಕಿನ ಮ್ಯಾಲೆ, ನನ್ನ ಗೆರಿ ಹಿಡದು ಸಾಲಾಗಿ ಮೇಯಾಕ ಹತ್ಯಾವ. ಆಟಾ ನಿಲ್ಲಿಸಿ ಆಡು ಓಡಿಸಿ ಮತ್ತ ಶುರು ಮಾಡಬೇಕಾತು. ರೇಣುಕಾ ಗೆದ್ಲು, ನಾ ಎರಡನೇದವ. ಚೆಲ್ಲಿದ ಕಡ್ಲಿ ತುಂಬಿ ತಂದು ತೂಗಿದ್ವಿ. ಆಡಿನ ಹೊಟ್ಟ್ಯಾಗಿಂದು ಹಿಡೀಬೇಕೋ ಬಿಡಬೇಕೋ ಅಂತ ದೇಸಾಯಿ ಸರ್ ತಾಸುಗಟ್ಲೆ ವಿಚಾರ ಮಾಡಿ, ಆ ಸರ್ತಿ ಅಷ್ಟ ಬಿಟ್ರು.

"ಮಂಜುನಾಥ, ಇನ್ನೊಮ್ಮೆ ತೂಕಾ ಕಮ್ಮಿ ಬಂದ್ರ ನಾ ಕೇಳಾಂವಲ್ಲ," ಅಂದ್ರು. "ಬಿಗಿ ಕಟ್ಟು. ಚೀಲಾ ಗಟ್ಟಿ ಇರ್ಲಿ."

ನಾ ತಲಿ ಅಳ್ಳಾಡಿಸಿದೆ. ಚೀಲಾ ಗಟ್ಟಿ ಇರ್ಲಿ ಅಂದಿದ್ದು ತಲ್ಯಾಗ ಉಳೀತು. ಒಳಗಿನ ಮಾಲು ಗಟ್ಟಿ ಇರಬೇಕು ಅನ್ನೂದು ಹೊಕ್ಕಲಿಲ್ಲ.

ಈಗ ನಾನು ರೇಣುಕಾ ಸರಿಸಮ. ಹಮ್ಮಿಗ್ಯಾಗ ಯಾರು ಮುಂದೋ ಅವ್ರು ಕೊಯಮತ್ತೂರಿಗೆ. ಅಕೀನೂ ಈಗ ಭಾರಾ ಹೊರಬೇಕಲ್ಲ, ಅಕಿ ತಮ್ಮಜ್ಜಿ ಬೀಸುಕಲ್ಲು ತಂದು ಗಾಡ್ಯಾಗ ಬೋಲ್ಟ್ ಹಾಕಿ ಕುಂಡ್ರಿಸಿದ್ಲು. ನಾನು ಶಿವ್ಯಾ ಅದನ್ನ ನೋಡಿ ಹೊಟ್ಟಿ ಹುಣ್ಣಾಗೂವಂಗ ನಕ್ಕಿದ್ವಿ. "ಆಟಾ ಮುಗದ ಮ್ಯಾಲೆ ಜ್ವಾಳಾ ಬೀಸಿಕೊಡ್ತಿಯೇನು?" ಅಂದಿದ್ದೆ ನಾ.

ಹಮ್ಮಿಗಿ ಆಟದ ಹಿಂದಿನ ಎರಡು ದಿನ ಮಳಿ ಹೊಡೀತು. ಏನ್ ಮಳಿ ಅಂತೀರಿ, ನನ್ನ ಮ್ಯಾಲೆ ಹಗಿ ಸಾಧಿಸಿದಂಗ. ರಾತ್ರಿ ಎಲ್ಲಾ ಪತ್ರಾಸಿನ ಮ್ಯಾಲೆ ಸಪ್ಪಳಾ ಕೇಳ್ಕೋತ ಅಂಗಾತ ಬಿದ್ಕೊಂಡಿದ್ದೆ. ಆಟದ ದಿನಾ ಮುಂಜಾನೆ ಬಿಸಲು ಬಿತ್ತು, ಅದೂ ಚುರುಚುರು ಬಿಸಲು. ಮುಂಡರಗಿ ದಾಟಿ ಹೋಗೂವಾಗ ನೋಡಿದ್ರ ಎರಿ ಹೊಲದ ತುಂಬ ಮಂದಿ. ಎಲ್ಲಾರ ಕೈಯಾಗೂ ಕೂರಿಗಿ, ಬೀಜದ ಬುಟ್ಟಿ. ಹದ ಬಂದಿತ್ತು. ಹಿಂಗಾರಿ ಕಡ್ಲಿ ಬಿತ್ತಾಕ ಅಂಥಾ ಹದ ಬಂದು ಹೋಗೂದ್ರಾಗ ಬೀಜಾ ಮಣ್ಣಿಗೆ ಬೀಳಬೇಕು, ಇಲ್ಲಂದ್ರ ಮ್ಯಾಲಿನ ಪದರು ಒಣಗಿ ಹೊಲಾ ಬಿರೀತೈತಿ.

ನಮ್ಮವ್ವನ ತಮ್ಮ, ನಿಂಗಪ್ಪ ಮಾವ, ಹಮ್ಮಿಗ್ಯಾಂವ. ಹೊಳಿ ದಂಡ್ಯಾಗ ಆಟದ ಜಾಗಾ ಹತ್ರ ನಾವು ಗಾಡಿ ನಿಲ್ಲಿಸಿದ ಕೂಡ್ಲೆ ಬಂದ. ಬಂದಾವ ನನ್ನ ನೋಡ್ಲಿಲ್ಲ, ಸೀದಾ ಡಿಕ್ಕಿ ತಗದ. ಚೀಲದಾಗ ಕೈ ಹಾಕಿ ಒಂದು ಕಡ್ಲಿಕಾಳು ಕಡದು ನೋಡಿದ.

"ಅಳಿಯಾ, ಬೀಜಕ್ಕ ಪಸಂದ ಅದಾವಲ್ಲೋ."

"ಮಾವ, ಅವು ಬೀಜಲ್ಲ. ತೂಕಾ."

"ಕಡ್ಲಿ ಕಡ್ಲೀನ ಅಲ್ಲೇನು? ನಾ ಹೇಳಿದ್ದ ಬೀಜದ ಗಾಡಿ ಹಳ್ಳ ಬಂದು ಆ ಕಡೆ ದಂಡಿಗೆ ನಿಂತೈತಿ. ಕೂರಿಗಿ ಹೂಡಿಟ್ಟು ಬಂದೇನಿ. ನಾಳಿಗೆ ಈ ಹದ ಇರಂಗಿಲ್ಲ."

"ಮಾವ, ಇವತ್ತ ನನ್ನ ಹಣೇಬಾರ ಐತಿ ಈ ಚೀಲದಾಗ."

"ನಂದು ಎಲ್ಲೈತಿ ಮತ್ತ? ನೀ ಕಡ್ಲಿ ತುಂಬ್ಕೊಂಡು ಸುಮ್ಮ ಸುತ್ತು ತಿರಗಾಂವ. ನಾ ಅದನ್ನ ಮಣ್ಣಿಗೆ ಹಾಕಾಂವ." ಒಂದು ಚೀಲಾ ಹೆಗಲ ಮ್ಯಾಲೆ ಏರಿಸಿಯೂ ಬಿಟ್ಟ. "ತೂಕಾ ಬೇಕಂದ್ರ ಕಲ್ಲು ಹಾಕ್ಕೋ. ಊರ ತುಂಬ ಕಲ್ಲು ಬಿದ್ದಾವ."

ಮಾವಗ ಇಲ್ಲ ಅನ್ನಾಕ ಆಗ್ಲಿಲ್ಲ. ಇಲ್ಲಂದಿದ್ರ ನಮ್ಮವ್ವ ನನ್ನ ಹೆಸರ ಮ್ಯಾಲೆ ನೀರು ಬಿಡ್ತಿದ್ಲು. ಎರಡೂ ಚೀಲಾ ಕೊಟ್ಟೆ. ಇಲ್ಲಿ ತನಕಾ ನನ್ನ ತಪ್ಪಿಲ್ಲ. ಇನ್ನ ಮ್ಯಾಲೆ ಎಲ್ಲಾ ನನ್ನದ.

ಕಲ್ಲು ಹಾಕ್ಕೋ ಅಂದ್ನಲ್ಲ ಮಾವ. ನಾ ಭಾಳ ಶಾಣ್ಯಾ. ಕಲ್ಲು ತಿರುವಿನ್ಯಾಗ ಉರುಳತಾವ, ಗಾಡಿ ತೋಲ ತಪ್ಪತೈತಿ, ಟೂರಿಂಗ್ ಕಾರಿನ ತೂಕಾ ಅಂದ್ರ ಮಲಗಿದ ಎಮ್ಮಿ ಹಂಗ ಅಳ್ಳಾಡಬಾರದು ಅಂತ ಶಿವ್ಯಾಗ ಪಾಠಾ ಹೇಳಿದೆ. ಎರಡು ಗೋಣಿಚೀಲಾ ಹಿಡದು ಹೊಳಿಗೆ ಇಳದೆ. ಮ್ಯಾಲಿನ ಒಣ ಉಸುಕು ಗಾಳಿಗೆ ಹಾರಿ ಕಣ್ಣಾಗ ಬಿತ್ತು. ಬ್ಯಾಡ ಅಂತ ನೀರಿನ ದಂಡಿಗೆ ಹೋಗಿ, ಸಲಕಿಲೆ ಹಸಿ ಉಸುಕು ತುಂಬಿದೆ. ಹಸೀದು ಚೊಲೋ ಬಿಗಿ ಕುಂಡ್ರತೈತಿ.

"ನೀರು ಭಾಳ ಐತೆಲ್ಲೋ," ಅಂದ ಶಿವ್ಯಾ.

"ಇರ್ಲಿ ಬಿಡು. ಕಮ್ಮಿ ಉಸುಕಿನ್ಯಾಗ ತೂಕಾ ಬರತೈತಿ," ಅಂದೆ.

ನಮ್ಮಪ್ಪನ ಅಂಗಡಿ ಮೆಟ್ಟಲಾ ಹತ್ತಿದ ಎಲ್ಲಾ ಕಳ್ಳರೂ ಅಂದ ಮಾತು ಅದು. ನನ್ನ ಬಾಯಿಲೆ ಬಂತು, ನನಗ ಖಬರ ಇಲ್ಲ. ವೇ ಬ್ರಿಜ್ ರಸ್ತಾದ ಮ್ಯಾಲೆ ಹತ್ರನ ಇತ್ತು. ಜಲ್ದಿ ಒಯ್ದು ತೂಗಿಸಿದ್ವಿ. ಕಾಂಟಾ ಬರೋಬರಿ ಬಂದು ನಿಂತಿತು. ದೇಸಾಯಿ ಸರ್ "ಶಾಬಾಶ್" ಅಂದ್ರು.

ಆ ಆಟದ ಬಗ್ಗೆ ಮಾತ್ರ ನಾ ಚಾಷ್ಟಿ ಮಾಡಂಗಿಲ್ಲ. ನನ್ನ ಜಲ್ಮದಾಗ ಅಷ್ಟು ಚೊಲೋ ಮತ್ತೇನೂ ನಾ ಮಾಡಿಲ್ಲ. ಮಳ್ಯಾಗ ನೆನದ ಗಟ್ಟಿ ನೆಲಾ, ಧೂಳ ಇಲ್ಲ, ಮುಂದಿನ ಗಾಡಿ ಗಾಲಿ ಒಂದೊಂದೂ ಕಾಣತಿತ್ತು. ಆ ದಿನ ಕ್ಲಚ್ ಕ್ಲಚ್ ಆಗಿತ್ತು, ಬ್ರೇಕ್ ಬ್ರೇಕ್ ಆಗಿತ್ತು. ರೇಣುಕಾ ಮುಂದ, ನಾ ಹಿಂದ. ಹೊಳಿ ಕಡೆ ತಿರುವಿನ್ಯಾಗ ಅಕಿ ಜರಾ ಅಗಲಾ ಹೋಗ್ತಾಳ ಅಂತ ಎರಡು ಸುತ್ತು ನೋಡಿ ತಿಳಕೊಂಡೆ. ಕಾಕಾ ಹಂಗ ಮಾಡ್ತಿದ್ದ. ಒಮ್ಮೆ ನುಗ್ಗಂಗಿಲ್ಲ, ಹಿಂದ ಕುಂತು ನೋಡ್ತಾನ, ಆಮ್ಯಾಲೆ ಒಂದ ಸಂದಿ ಹಿಡೀತಾನ. ಕಡೀ ಸುತ್ತಿನ್ಯಾಗ ನಾ ಒಳಗಿನ ಸಂದಿ ಹಿಡದೆ. ಬಾಗಲಕ್ಕ ಬಾಗಲಾ ತಿಕ್ಕಿತು. ಅಕಿ ಕನ್ನಡಿ ನನ್ನ ಕಿಡಕ್ಯಾಗ ಬಂದು ಬಿತ್ತು. ಅಕಿ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ಸುಣ್ಣದ ಗೆರಿ ದಾಟೂವಾಗ ನನ್ನ ಗಾಡಿ ಮೂತಿ ಅಕಿ ಗಾಡಿಗಿಂತ ಒಂದು ಗೇಣು ಮುಂದ ಇತ್ತು.

ಗೆದ್ದೆ. ಈ ಸರ್ತಿ ಖರೇನ ಗೆದ್ದೆ. ಹೆಲ್ಮೆಟ್ ತಗೀದ ಒಳಗ ಕುಂತ ಅತ್ತೆ, ಯಾರಿಗೂ ಹೇಳಬ್ಯಾಡ್ರಿ.

ಹಮ್ಮಿಗಿ ಮಂದಿ ಅಷ್ಟೂ ನಮ್ಮ ಮಾವನ ಕಡಿಯಾವ್ರು. ಊರ ಅಳಿಯಾ ಗೆದ್ದಾನ ಅಂತ ಹಲಿಗಿ ತಂದು ಬಾರಿಸಿದ್ರು. ಮಾವ ಬಿತ್ತೂದು ಬಿಟ್ಟು ಕೆಸರಗಾಲಿಲೆ ಓಡಿ ಬಂದು ಮಾಲಿ ಹಾಕಿದ. ಯಾರೋ ಗಿರಮಿಟ್ ಕೊಟ್ರು, ಯಾರೋ ಮಿರ್ಚಿ ಬಾಯಾಗ ತುರುಕಿದ್ರು. ಗಾಡಿ ಬಿಸಲಾಗ ನಿಂತಿತ್ತು, ನಾ ಗಾಡಿ ಮ್ಯಾಲೆ ನಿಂತಿದ್ದೆ. ಕುಣದೆ. ಏನೇನೋ ಒದರಿದೆ. ಫೋಟೋಕ್ಕ ನಿಂತೆ. ದೇಸಾಯಿ ಸರ್ ವೇ ಬ್ರಿಜ್ ಹತ್ರ ಕಾಯಾಕ ಹತ್ಯಾರ ಅಂತ ಶಿವ್ಯಾ ಎರಡು ಸರ್ತಿ ಬಂದು ಹೇಳಿದ. ಹೂಂ ಹೊಂಟೆ ಅಂತ ಇಳೀತೀನಿ, ಅಷ್ಟ್ರಾಗ ಹಲಿಗಿ ಮತ್ತ ಜೋರ ಆತು. ಹಲಿಗಿ ಬಾರಿಸಿದ್ರ ನಮ್ಮ ಕಾಲು ನಮ್ಮ ಮಾತು ಕೇಳತಾವೇನ್ರಿ? ಮತ್ತ ಹತ್ತಿದೆ.

ಹೊತ್ತು ಇಳದ ಮ್ಯಾಲೆ, ಮಾಲಿ ಹಾಕ್ಕೊಂಡ, ವೇ ಬ್ರಿಜ್ ಮ್ಯಾಲೆ ಗಾಡಿ ಹತ್ತಿಸಿದೆ. ಕಾಂಟಾ ಓಡಿ ಬಂದು ಮೊದಲಿನ ಜಾಗಾಕ್ಕ ಮುಟ್ಟಲಾರದ ನಿಂತಿತು. ಒಂದು ಕೊಡ ನೀರಿನಷ್ಟು ಕಮ್ಮಿ.

"ಮಂಜುನಾಥ, ಗಾಡಿ ಸೊರಗೈತಿ," ಅಂದ್ರು ದೇಸಾಯಿ ಸರ್.

"ಸರ್, ನಾ ಭಾಳ ಬೆವತೇನಿ."

"ಇಷ್ಟು ಬೆವತಿದ್ರ ನಿನ್ನ ಬದಲಿ ಬರೇ ಅಂಗಿ ಕುಂತಿರತಿತ್ತು. ಡಿಕ್ಕಿ ತಗಿ."

ತಗದೆ. ಬೆಳಿಗ್ಗೆ ಬಾಣಂತಿ ದಿಂಬಿನಂಗ ಉಬ್ಬಿದ್ದ ಚೀಲಾ ಈಗ ಹೊಟ್ಟಿ ಒಳಗ ಎಳಕೊಂಡು ಕುಂತಿದ್ವು. ಸರ್ ಚೀಲದಾಗ ಕೈ ಹಾಕಿ ಹೊರಗ ತಗದ್ರು. ಥೇಟ್ ನಮ್ಮಪ್ಪನ ಹಂಗ. ಕೈಗೆ ಹತ್ತಿದ ಉಸುಕು ಉದುರಿ ಬಿತ್ತು. ಹಿಂದ ತಿರಗಿ ರಸ್ತಾ ನೋಡಿದ್ರು. ಆಟದ ಜಾಗಾದಿಂದ ವೇ ಬ್ರಿಜ್ ತನಕಾ ನನ್ನ ಗಾಡಿ ಬಂದ ದಾರಿಗೆ ಸಣ್ಣಗ ನೀರಿನ ಗೆರಿ ಬಿದ್ದಿತ್ತು. ಶಿವ್ಯಾ ಮಾರಿ ಆ ಕಡೆ ತಿರವಿದ.

"ಸರ್, ಆಟಾ ಮುಗಿಯೂ ತನಕಾ ತೂಕಾ ಇತ್ರಿ. ಆಮ್ಯಾಲೆ ಸೋರೈತಿ, ನಾ ಕುಣಿಯೂವಾಗ."

"ಸಾಕ್ಷಿ ಯಾರು?"

"ಹಲಿಗಿ ಬಾರಸಾವ್ರು ಅದಾರ್ರಿ."

"ಅವ್ರೇನು ನೀರು ಅಳದಾರೇನು?" ಅಂದ್ರು. ಆಮ್ಯಾಲೆ ಜರಾ ಮೆತ್ತಗಾಗಿ, "ನಿನಗ ಆ ಇಂಗ್ಲೆಂಡಿನಾವನ ಹುಚ್ಚಲ್ಲ? ಆಟಾ ಮುಗದ ಮ್ಯಾಲೆ ಅಂವ ಗಾಡಿ ರಸ್ತಾದ ಹೊಲಸು ಬಾಜೂಕ ಯಾಕ ಒಯ್ತಿದ್ದ, ನೋಡೀಯೇನು?"

ನೋಡಿದ್ದೆ. ನೂರು ಸರ್ತಿ ನೋಡಿದ್ದೆ.

"ಮಂದಿ ಟಾಯರಿಂದ ಕಿತ್ತು ಬಿದ್ದ ರಬ್ಬರ್ ಇರತೈತಿ ಅಲ್ಲಿ. ಅದನ್ನ ಗಾಲಿಗೆ ಅಂಟಿಸ್ಕೊಂಡ ತೂಕಕ್ಕ ಬರತಾನ. ಕಮ್ಮಿ ಬಂದ್ರ ಗೆಲುವು ಹೋಗತೈತಿ ಅಂತ ಅವಂಗ ಹೆದರಿಕಿ. ನಿನಗ ಬಾಜೂಕ ಎರಿ ಹೊಲಾ ಇತ್ತು, ಹಸೀದು. ಒಳಗ ಒಂದು ಸುತ್ತು ತಿರಗಿ ಬಂದಿದ್ರ ಈ ಕಾಂಟಾ ಮುರೀತಿತ್ತು."

ಅಷ್ಟು ಹೇಳಿ ಮುಂದಿನ ಗಾಡಿ ಕರದ್ರು. ರೇಣುಕಾ ಗಾಡಿ ಹತ್ತಿಸಿದ್ಲು. ಬೀಸುಕಲ್ಲು ಇದ್ದಲ್ಲೇ ಇತ್ತು. ಕಲ್ಲು ಒಣಗತೈತೇನು?

ಮಾವ ದೇಸಾಯಿ ಸರ್ ಅವರಿಗೆ ಕೈ ಮುಗದ, "ನನ್ನಿಂದ ಆಗೇತ್ರಿ, ಕಡ್ಲಿ ನಾ ಒಯ್ದೇನಿ" ಅಂದ. ಸರ್ "ಕಡ್ಲಿ ಒಯ್ದದ್ದಕ್ಕಲ್ಲಪಾ" ಅಂದ್ರು. ನನಗ ಮಾವನ ಮ್ಯಾಲೆ ಸಿಟ್ಟು, ಉಸುಕಿನ ಮ್ಯಾಲೆ ಸಿಟ್ಟು, ಬಿಸಲಿನ ಮ್ಯಾಲೆ ಸಿಟ್ಟು. ಕೊರಳಾಗಿನ ಮಾಲಿ ಹರದು ಒಗದೆ. ಒಂದು ಆಡು ಬಂದು ಅದನ್ನ ತಿಂತು. ಜಿಲ್ಲಾದ ಆಡು ಅಷ್ಟೂ ನನ್ನ ಋಣದಾಗ ಅದಾವ.

ಮನಿಗೆ ಬರೂದ್ರಾಗ ಮಾವ ಫೋನ್ ಮಾಡಿ ಎಲ್ಲಾ ಹೇಳಿಬಿಟ್ಟಿದ್ದ. ಅಪ್ಪ ಅಂಗಡಿ ಕಟ್ಟಿ ಮ್ಯಾಲೆ ನಿಂತಿದ್ದ. ನಾ ಬೈಗಳಕ್ಕ ತಯಾರಾಗಿ ಬಂದಿದ್ದೆ. ಅಂವ ಬೈಲಿಲ್ಲ. ನನ್ನ ಒದ್ದಿ ಅಂಗಿ ತೋಳು ಹಿಡದು ನೋಡಿ, "ಇಷ್ಟು ವರ್ಷ ಮಂದಿ ಹಸಿ ಮಾಲು ಹಿಡದೆ. ಮನ್ಯಾಗಿಂದು ಉಳದಿತ್ತು," ಅಂದ. ಆಮ್ಯಾಲೆ ಬಾಜೂಕ ಸರದು ಗಾದಿ ಮ್ಯಾಲೆ ಜಾಗಾ ಮಾಡಿದ. ಆ ಜಾಗಾ ಮಾಡಿದ್ದು ಬೈದಿದ್ದಕ್ಕಿಂತ ಜಾಸ್ತಿ ಚುಚ್ಚಿತು.

ಆ ದೀಪಾವಳಿ, ಸಂಕ್ರಾಂತಿ ನಾ ಹೆಂಗ ಕಳದೆ ಅಂತ ನನಗ ನೆನಪಿಲ್ಲ. ಗಾದಿ ಮ್ಯಾಲೆ ಕುಂತು ಚೀಲದಾಗ ಕೈ ಹಾಕೂದು, ತಗಿಯೂದು. ಗಿರಾಕಿ "ತೂಕಾ ಸರಿ ಐತೇನ್ರಿ ಸಾವಕಾರ್ರ" ಅಂತ ಸುಮ್ಮನ ಕೇಳಿದ್ರೂ ಮೈ ಉರೀತಿತ್ತು. ಶಿವ್ಯಾನ ಗ್ಯಾರೇಜಿಗೆ ಹೋಗೂದು ಬಿಟ್ಟೆ. ಬಿಳೇ ಕಾರಿನ್ಯಾಗ ಕೋಳಿ ಹೊಳ್ಳಿ ಬಂದೈತಿ ಅಂತ ಸುದ್ದಿ ಬಂತು. ಫೋನಿನ್ಯಾಗ ಕಾಕಾನ ಆಟಾ ಬಂದ್ರ ಬೆರಳು ಮುಂದ ಸರಸತಿತ್ತು. ಮಾತು ಕೊಟ್ಟಿದ್ದೆನಲ್ಲ, ಅದಕ್ಕಂತ ಅಲ್ಲ, ಅಂವ ಮತ್ತ ತೂಕದ ಮಾತು ತಗೀತಾನಂತ.

ಬ್ಯಾಸಗಿ ಮೆಣಸಿನಕಾಯಿ ಬರೂ ಹೊತ್ತಿಗೆ ಒಂದಿನ ರೇಣುಕಾ ಟ್ರ್ಯಾಕ್ಟರ್ ತುಂಬ ಮಾಲು ತಗೊಂಡ ಅಂಗಡಿ ಮುಂದ ಬಂದು ನಿಂತ್ಲು. ಕೊಯಮತ್ತೂರಿನ್ಯಾಗ ಅಕಿನ್ನ ಇಟ್ಕೊಂಡಾರ ಅಂತ ಗೊತ್ತಿತ್ತು. ಮುಂದಿನ ಹಂಗಾಮಿಗೆ ಸಣ್ಣ ಕಾರಿನ ಆಟದಾಗ ಓಡಸ್ತಾಳ. ನಾ ಚೀಲದಾಗ ಕೈ ಹಾಕಿದೆ. ಕೈ ಸುಟ್ಟಂಗ ಒಣಾ ಇತ್ತು ಮಾಲು. ಸೀನಿದೆ.

"ಟ್ರ್ಯಾಕು ಹೆಂಗೈತಿ?" ಅಂತ ಕೇಳೇಬಿಟ್ಟೆ.

"ಡಾಂಬರು. ಗಾಡಿ ಹಾವು ಹರದಂಗ ಹೋಗತೈತಿ," ಅಂದ್ಲು. ಹಮಾಲರು ಚೀಲಾ ಇಳಿಸಿದ ಮ್ಯಾಲೆ ಕಟ್ಟಿ ಮ್ಯಾಲೆ ಕುಂತು, "ಮಂಜ್ಯಾ, ಒಂದು ಮಾತು ಹೊಟ್ಟ್ಯಾಗ ಉಳದೈತಿ. ಹೇಳ್ಲೇನು?" ಅಂದ್ಲು.

"ಹೇಳು."

"ಹಮ್ಮಿಗ್ಯಾಗ ನಿನ್ನ ಗಾಡಿ ಕೆಳಗ ನೀರು ಸೋರೂದು ನಾ ನೋಡಿದ್ದೆ."

ನಾ ಚೀಲಾ ಬಿಟ್ಟು ಅಕಿ ಕಡೆ ತಿರಗಿದೆ. "ಮತ್ತ ಹೇಳಬಾರದಿತ್ತೇನು?"

"ಹೇಳೂಣಂತನ ಬಂದೆ. ಆಟಾ ನೀ ಖರೇನ ಚೊಲೋ ಆಡಿದ್ದಿ, ಅದಕ್ಕ ಮನಸ್ಸು ತಡೀಲಿಲ್ಲ. ಹತ್ರ ಬಂದ್ರ, ನೀ ಗಾಡಿ ಮ್ಯಾಲೆ ನಿಂತು 'ಶಿರಹಟ್ಟಿಯವ್ರು ಹೋಗಿ ಬೀಸುಕಲ್ಲು ತಿರವ್ರಿ' ಅಂತ ಊರಿಗೆಲ್ಲಾ ಕೇಳೂವಂಗ ಒದರಾಕ ಹತ್ತಿದ್ದಿ. ಅಲ್ಲಿಂದನ ಹೊಳ್ಳಿ ಹಲಿಗಿ ಬಾರಸಾವ್ರ ಕಡೆ ಹೋದೆ." ಅಕಿ ಸೆರಗಿಲೆ ಮಾರಿ ಒರಸ್ಕೊಂಡ್ಲು. "ಅಂವ ಇಳಿಯಾಕ ಹತ್ಯಾನ, ಇನ್ನೂ ಜರಾ ಜೋರ ಬಾರಸ್ರಿ ಅಂದೆ. ಚೊಲೋ ಕುಣೀತೀ ಬಿಡು ನೀ."